ಅಳಿಸಿದರೆ ಏನಾಗುತ್ತದೆ?

ಕೈಪಿಡಿಗಳನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಹೊಸನಗರದ ದೊಡ್ಡಪ್ಪನ ಫ್ಲಾಪಿಗಳು ಕೈಗೆ ಬರದಿದ್ದರೆ ನಾನೂ ಎತ್ತಿಕೊಳ್ಳುತ್ತಿರಲಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳನ್ನು ಮುಳುಗಿಸಿತು. ಅಂಥದ್ದೊಂದು ಊರಿನ ಮನೆಮನೆಯ ಹೆಸರುಗಳನ್ನು ದೊಡ್ಡಪ್ಪ ತೊಂಬತ್ತರ ದಶಕದಲ್ಲಿ ಡಾಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಮಳೆಗಾಲದ ಬೂಷ್ಟು ಹಿಡಿದ ಫ್ಲಾಪಿಗಳು ಒಂದೇ ಸಲ ಓದಿಸಿಕೊಂಡವು, ಮತ್ತೆ ಬಾಯಿಬಿಡಲಿಲ್ಲ.

ಆ ಫೈಲುಗಳನ್ನು ತೆರೆಯಲು ಡಾಸ್‌ಬಾಕ್ಸ್ ಬೇಕಾಯಿತು. 2002ರಲ್ಲಿ ಬಂದ ಈ ಮುಕ್ತ ತಂತ್ರಾಂಶ ಇಂದಿನ ಲ್ಯಾಪ್‌ಟಾಪಿನೊಳಗೆ ಹಳೆಯ ಡಾಸ್ ಕಂಪ್ಯೂಟರಿನ ವೇಷ ಹಾಕುತ್ತದೆ. ಇಂಥವಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ತೆರೆದಾಗ ಕಾಣುವುದು ಅದರದೇ ಜೆಡ್ ಡ್ರೈವ್. ‘ಮೌಂಟ್’ ಎಂಬ ಆಜ್ಞೆ ಕೊಟ್ಟು, ನಮ್ಮ ಫೋಲ್ಡರೊಂದನ್ನು ಸಿ ಡ್ರೈವ್ ಎಂದು ಅದಕ್ಕೆ ತೋರಿಸಿಕೊಡಬೇಕು.

ನನಗೆ ಸಿಕ್ಕ ಕನ್ನಡ ಟಿಪ್ಪಣಿ ಕಡತಕೋಶವನ್ನು ಆರೋಹಿಸಬೇಕೆಂದು ಹೇಳಿತ್ತು. ಆರೋಹಿಸಿದೆ. ಎಮ್ಯುಲೇಟರ್ ಎಂದರೆ ಅನುಕರಣೆ ಎಂದೂ ಅದೇ ಟಿಪ್ಪಣಿ ವಿವರಿಸಿತ್ತು. ಹಾಗಾಗಿ ಒಳಗಿರುವುದೆಲ್ಲ ನಕಲು, ಏನು ಮಾಡಿದರೂ ಅಸಲಿಗೆ ತಾಗದು ಎಂದುಕೊಂಡು ಒಂದು ಫೈಲನ್ನು ಅಳಿಸಿ ನೋಡಿದೆ. ಲ್ಯಾಪ್‌ಟಾಪಿನ ಫೋಲ್ಡರಿನಿಂದಲೂ ಅದು ಹೋಯಿತು. ಮೌಂಟ್ ನಕಲು ಮಾಡುವುದಿಲ್ಲ, ನಮ್ಮ ನಿಜವಾದ ಫೋಲ್ಡರಿಗೇ ಬಾಗಿಲು ತೆರೆಯುತ್ತದೆ.

ಇಂಥಲ್ಲಿ ಸಂಸ್ಕೃತ ಪದವನ್ನು ದೂರುವುದು ನಮ್ಮ ರೂಢಿ. ‘ಆರೋಹಿಸು’ ಎಂದಾಗ ಕುದುರೆಯೋ ಸಂಗೀತದ ಸ್ವರವೋ ನೆನಪಾಗುತ್ತದೆ, ನಿಜ. ಆದರೆ ‘ಮೌಂಟ್’ ಎಂದೇ ಬರೆದಿದ್ದರೂ ನಾನು ಅದೇ ತಪ್ಪು ಮಾಡುತ್ತಿದ್ದೆ. ಟಿಪ್ಪಣಿ ಮಾಡಬೇಕಾದ್ದನ್ನು ಹೇಳಿತು, ಮಾಡಿದರೆ ಏನಾಗುತ್ತದೆ ಎಂಬುದನ್ನು ಬಿಟ್ಟಿತು. ಬರೆದವರಿಗೆ ಅದು ಗೊತ್ತಿದ್ದೇ ಇರುತ್ತದೆ, ಗೊತ್ತಿದ್ದದ್ದರಿಂದಲೇ ಬಿಟ್ಟುಹೋಗುತ್ತದೆ. ಮೂಲದವರೇನೂ ಇದಕ್ಕೆ ಹೊರತಲ್ಲ. ವಿಂಡೋಸಿನ ಸಿ ಡ್ರೈವನ್ನು ಇಡಿಯಾಗಿ ಮೌಂಟ್ ಮಾಡಿದರೆ ಡಾಸ್‌ಬಾಕ್ಸ್ ಬೇಡವೆನ್ನುತ್ತದೆ. ಯಾಕೆ ಬೇಡ ಎಂದು ಆ ಎಚ್ಚರಿಕೆಯಲ್ಲಿ ಇಲ್ಲ.

ತೀರ್ಥಹಳ್ಳಿಯ ಕುಪ್ಪಳಿ ಮನೆತನದ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದವರು. ಕೈಪಿಡಿ ಬರೆಯುವವರು ಅವರ ‘ಪರಿಸರದ ಕತೆ’ಯನ್ನು ಒಮ್ಮೆ ಓದಬೇಕು. ಅಲ್ಲಿ ಹೇಳುವವನು ತನ್ನ ಎಡವಟ್ಟುಗಳನ್ನು ಮುಚ್ಚಿಡುವುದಿಲ್ಲ. ಕಾಲು ಎಲ್ಲಿ ಜಾರಬಹುದೆಂದು ಓದುವವನಿಗೆ ಹಾಗೆಯೇ ತಿಳಿದುಬಿಡುತ್ತದೆ.

ಆ ಟಿಪ್ಪಣಿಯನ್ನು ನನಗಾಗಿ ತಿದ್ದಿಕೊಂಡಿದ್ದೇನೆ: “ಈ ಆಜ್ಞೆ ನಿಮ್ಮ ಫೋಲ್ಡರನ್ನು ಡಾಸ್‌ಬಾಕ್ಸಿಗೆ ಜೋಡಿಸುತ್ತದೆ, ನಕಲು ಮಾಡುವುದಿಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಮೊದಲು ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳಿ. ಜೋಡಿಸಿದ ಮೇಲೆ ಹೊರಗಿನಿಂದ ಹಾಕಿದ ಫೈಲು ಒಳಗೆ ಕಾಣದಿದ್ದರೆ ಗಾಬರಿ ಬೇಡ, ‘ರೀಸ್ಕ್ಯಾನ್’ ಎಂದು ಟೈಪ್ ಮಾಡಿ.” ‘ಜೋಡಿಸು’ ಸರಿಯಾದ ಪದವೇ ಎಂಬ ಅನುಮಾನ ಇನ್ನೂ ಇದೆ.

ಅಳಿದ ಫೈಲಿನಲ್ಲಿದ್ದದ್ದು ಹೊಳೆಯಾಚೆಯ ಕೇರಿಯ ಮನೆಗಳು. ದೊಡ್ಡಪ್ಪನ ಎದುರು ಕೂತು ಮತ್ತೆ ಬರೆದುಕೊಳ್ಳುತ್ತಿದ್ದೇನೆ. ಎರಡು ಮನೆಗಳ ಹೆಸರು ಅವರಿಗೂ ನೆನಪಾಗುತ್ತಿಲ್ಲ.