ಷಿಕಾಗೋದ ಪೆಟ್ಟಿಗೆಯಲ್ಲಿ ಕನ್ನಡದ ಕವಿ

ಕವಿ ತೀರಿಕೊಂಡ ಮೇಲೆ ಅವನ ಕಾಗದಪತ್ರಗಳ ಗತಿಯೇನು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುವವರು ಗೆದ್ದಲು ಮತ್ತು ರದ್ದಿಯ ಅಂಗಡಿಯವರು. ಅಚ್ಚಾದ ಪುಸ್ತಕ ಹೇಗೋ ಉಳಿದುಕೊಳ್ಳುತ್ತದೆ. ಅದರ ಹಿಂದಿನ ಕರಡು, ಗೆಳೆಯರಿಗೆ ಬರೆದ ಪತ್ರ, ದಿನಚರಿ ಇವೆಲ್ಲ ಒಂದು ತಲೆಮಾರು ಕಳೆಯುವುದರೊಳಗೆ ಮಾಯವಾಗುತ್ತವೆ. ಇದಕ್ಕೆ ಅಪವಾದವೆಂಬಂತೆ ಒಬ್ಬ ಕನ್ನಡ ಕವಿಯ ಕಾಗದಗಳು ಅಚ್ಚುಕಟ್ಟಾಗಿ ಉಳಿದಿವೆ. ಆದರೆ ಉಳಿದಿರುವುದು ಮೈಸೂರಿನಲ್ಲಲ್ಲ, ಧಾರವಾಡದಲ್ಲೂ ಅಲ್ಲ. ಅಮೆರಿಕೆಯ ಷಿಕಾಗೋ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ. ಆ ಕವಿ ಎ. ಕೆ. ರಾಮಾನುಜನ್.

ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಮೈಸೂರಿನಲ್ಲಿ. ಬೆಳಗಾವಿಯ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಹೇಳಿ, 1959ರಲ್ಲಿ ಅಮೆರಿಕೆಗೆ ತೆರಳಿದರು. ಮುಂದೆ ಷಿಕಾಗೋದಲ್ಲಿಯೇ ಅಧ್ಯಾಪಕರಾಗಿದ್ದು 1993ರಲ್ಲಿ ಅಲ್ಲಿಯೇ ತೀರಿಕೊಂಡರು. 'ಹೊಕ್ಕುಳಲ್ಲಿ ಹೂವಿಲ್ಲ' (1969), 'ಮತ್ತು ಇತರ ಪದ್ಯಗಳು' (1977), 'ಕುಂಟೋಬಿಲ್ಲೆ' (1990) ಎಂಬ ಕನ್ನಡ ಸಂಕಲನಗಳಷ್ಟೇ ಅವರ ಇಂಗ್ಲಿಷ್ ಕವಿತೆಗಳಿಗೂ, ವಚನಗಳ ಅನುವಾದವಾದ 'ಸ್ಪೀಕಿಂಗ್ ಆಫ್ ಶಿವ' (1973) ಎಂಬ ಪುಸ್ತಕಕ್ಕೂ ಮನ್ನಣೆಯುಂಟು. ಅವರು ಬಿಟ್ಟುಹೋದ ಕಾಗದಗಳಿಂದ ಈಚೆಗೆ ಎರಡು ಇಂಗ್ಲಿಷ್ ಪುಸ್ತಕಗಳು ಹೊರಬಂದಿವೆ: 'ಜರ್ನೀಸ್' (2019) ಎಂಬ ದಿನಚರಿ, 'ಸೋಮ' (2023) ಎಂಬ ಕವನಸಂಗ್ರಹ. ಎರಡರ ಸಂಪಾದಕರೂ ಕವಿಯ ಮಗ ಕೃಷ್ಣ ರಾಮಾನುಜನ್ ಮತ್ತು ಸ್ಪೇನ್ ದೇಶದ ವಿದ್ವಾಂಸ ಗಿಯೆರ್ಮೊ ರೊದ್ರಿಗೆಸ್.

ಷಿಕಾಗೋದ ಪೆಟ್ಟಿಗೆಗೂ ವೈಟ್‌ಫೀಲ್ಡಿನ ವಾಚಕರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ರಾಮಾನುಜನ್ನರ ಮೈಸೂರಿನ ಮನೆಯಲ್ಲಿ ಕೆಳಗಡೆ ಅಡುಗೆಮನೆಯ ತಮಿಳು, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯ ಇಂಗ್ಲಿಷು, ಹೊಸಿಲು ದಾಟಿದರೆ ಬೀದಿಯ ಕನ್ನಡ. ಇಂದು ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಪೀಣ್ಯದ ಕಾರ್ಖಾನೆಗಳ ಆಸುಪಾಸಿನಲ್ಲಿ ಬೆಳೆಯುವ ಎಷ್ಟು ಮಕ್ಕಳ ಪಾಡು ಇದಲ್ಲ? ಮನೆಗೊಂದು ನುಡಿ, ಕಚೇರಿಗೊಂದು, ಅಂಗಡಿಬೀದಿಗೊಂದು. ಈ ಭಾಗದ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುವವರು ಇದನ್ನೊಂದು ಕೊರತೆಯೆಂದೇ ಎಣಿಸುವುದುಂಟು. ಆ ಮೂರು ನುಡಿಗಳ ನಡುವೆ ಓಡಾಡುತ್ತಲೇ ಒಬ್ಬ ದೊಡ್ಡ ಕವಿ ರೂಪುಗೊಂಡನೆಂಬುದಕ್ಕೆ ಈ ಕಾಗದಗಳು ಸಾಕ್ಷಿ.

ಇನ್ನು ಪುಸ್ತಕಗಳ ವಿಚಾರ. 1959ರ ಮುಂಬಯಿ-ನ್ಯೂಯಾರ್ಕ್ ಪ್ರಯಾಣದ ಬರಹವೂ ಸೇರಿದಂತೆ ಹಲವು ದಶಕಗಳ ದಿನಚರಿ 'ಜರ್ನೀಸ್'ನಲ್ಲಿದೆ. ಅಚ್ಚಾದ ಪದ್ಯಗಳಲ್ಲಿ ಅಷ್ಟು ಹಗುರವಾಗಿ, ತಣ್ಣಗೆ ಮಾತನಾಡುವ ಕವಿ ಇಲ್ಲಿ ಅಂಜಿಕೆಯವನು, ತನ್ನ ಬರವಣಿಗೆಯನ್ನೇ ಸಂಶಯಿಸುವವನು, ಕನಸುಗಳನ್ನು ಬರೆದಿಡುವವನು. ಆ ಹಗುರತನ ಹುಟ್ಟುಗುಣವಲ್ಲ, ದುಡಿದು ಗಳಿಸಿದ್ದು ಎಂದು ತೋರಿಸಿಕೊಟ್ಟಿರುವುದೇ ಈ ಪುಸ್ತಕದ ದೊಡ್ಡ ಉಪಕಾರ. ಆದರೂ ಒಂದು ಎಚ್ಚರ ಬೇಕು. ದಿನಚರಿ ಸಿಕ್ಕಿತೆಂದರೆ ಕವಿತೆಯ ಬೀಗದಕೈ ಸಿಕ್ಕಿತೆಂದು ತಿಳಿಯುವ ಚಪಲ ನಮ್ಮ ವಿಮರ್ಶೆಗೆ ಹಳೆಯದು. ರಾಮಾನುಜನ್ 1978ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರೇ 'ಮತ್ತೊಬ್ಬನ ಆತ್ಮಚರಿತ್ರೆ'. 'ನಾನು' ಎಂದು ಬರೆದವನೆಲ್ಲ ತಾನೇ ಆಗಿರಬೇಕಿಲ್ಲವೆಂದು ಅಷ್ಟು ಸ್ಪಷ್ಟವಾಗಿ ಸಾರಿದವರ ದಿನಚರಿಯನ್ನು ಕೋರ್ಟಿನ ಹೇಳಿಕೆಯಂತೆ ಓದುವುದು ತರವಲ್ಲ.

'ಸೋಮ' ಇನ್ನೂ ಕಠಿಣವಾದ ಪ್ರಶ್ನೆಯನ್ನು ಎತ್ತುತ್ತದೆ. ಅದರ ಮುಖ್ಯ ಭಾಗ, ವೇದಕಾಲದ ಸೋಮರಸದ ಕಲ್ಪನೆಯನ್ನು ಹಿಡಿದು 1970ರ ದಶಕದಲ್ಲಿ ತೊಡಗಿದ ಕವಿತೆಗಳು. ಕವಿ ಇವನ್ನು ಪುಸ್ತಕವಾಗಿ ಹೊರತರದೆ ಬದಿಗಿಟ್ಟರು. ತಿದ್ದಿ ತಿದ್ದಿ ಬರೆಯುವವನೆಂದು ಹೆಸರಾದ ಕವಿ ಬದಿಗಿಟ್ಟದ್ದನ್ನು ನಾವು ಮುಂದಕ್ಕೆ ತರಬಹುದೇ? ತರಬಹುದೆಂದೇ ನನ್ನ ಅಭಿಪ್ರಾಯ. ಆದರೆ ಕೃತಿಗೂ ಕಾಗದಕ್ಕೂ ಇರುವ ಅಂತರವನ್ನು ಮರೆಯಬಾರದು. ಕವಿ ಮುಗಿಸಿ ನಮ್ಮ ಕೈಗಿತ್ತದ್ದು ಕೃತಿ. ಅವನು ತಡೆಹಿಡಿದದ್ದು ಕಾಗದ. ಎರಡನ್ನೂ ಓದೋಣ, ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ. 'ಸೋಮ'ದಿಂದ ರಾಮಾನುಜನ್ನರ ಕಾವ್ಯ ದೊಡ್ಡದಾಗಲಿಲ್ಲ. ಅವರು ಯಾವುದನ್ನು, ಎಷ್ಟು ನಿಷ್ಠುರವಾಗಿ ಬಿಟ್ಟುಕೊಡುತ್ತಿದ್ದರೆಂಬುದು ಮಾತ್ರ ತಿಳಿಯಿತು. ಆ ತಿಳಿವೇನೂ ಸಣ್ಣದಲ್ಲ.

ಕನ್ನಡಿಗರ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದದ್ದು, ಅವರು ತೀರಿಕೊಂಡ ಮೇಲೆ 1997ರಲ್ಲಿ ಸ್ಟೂಅರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಹೊರತಂದ 'ಎ ಫ್ಲವರಿಂಗ್ ಟ್ರೀ'. ಕನ್ನಡನಾಡಿನ 77 ಜನಪದ ಕತೆಗಳು ಅದರಲ್ಲಿ ಇಂಗ್ಲಿಷಿನಲ್ಲಿವೆ. ಪುಸ್ತಕಕ್ಕೆ ಹೆಸರು ಕೊಟ್ಟ ಕತೆ ನಮ್ಮ ಅಜ್ಜಿಯರದು. ಬಡವರ ಮಗಳೊಬ್ಬಳು ಒಂದು ಬಿಂದಿಗೆಯ ನೀರಿನಿಂದ ಹೂಮರವಾಗುತ್ತಾಳೆ, ಇನ್ನೊಂದು ಬಿಂದಿಗೆಯ ನೀರಿನಿಂದ ಮರಳಿ ಹೆಣ್ಣಾಗುತ್ತಾಳೆ. ಹೂ ಕೊಯ್ಯುವವರು ಕೊಂಬೆ ಮುರಿಯಬಾರದು. ಮುರಿದರೆ ಆಕೆ ಇಡಿಯಾಗಿ ಮರಳಲಾರಳು. 2006ರಲ್ಲಿ ಅಮೆರಿಕೆಯ ಜಾನ್ ಆಡಮ್ಸ್ ಇದನ್ನೊಂದು ಸಂಗೀತನಾಟಕವಾಗಿಸಿದರು. ರಾಮಾನುಜನ್ನರ ಬಾಯಿಂದ ಕೇಳಿದ ಕತೆಗಳಿಂದಲೇ ಗಿರೀಶ ಕಾರ್ನಾಡರ 'ನಾಗಮಂಡಲ'ವೂ ಹುಟ್ಟಿತು.

ಈ ಕತೆ ನಮಗೇ ಹೇಳಿದಂತಿದೆ. ನಮ್ಮ ಕತೆಗಳು ಒಂದು ಬಿಂದಿಗೆಯ ನೀರಿನಿಂದ ಇಂಗ್ಲಿಷಿನ ಹೂಮರವಾದವು. ಜಗತ್ತು ಹೂ ಕೊಯ್ದುಕೊಂಡಿತು, ಸಂತೋಷ. ಎರಡನೆಯ ಬಿಂದಿಗೆಯ ನೀರು ಹೊಯ್ಯುವವರು ಯಾರು? ಇಂಗ್ಲಿಷಿನಿಂದ ಮತ್ತೆ ಭಾಷಾಂತರಿಸಿದರೆ ಬರುವುದು ಪುಸ್ತಕದ ಕನ್ನಡ. ಕತೆ ಹೇಳಿದಾಕೆಯ ಉಸಿರು, ಅವಳ ಊರಿನ ಮಾತಿನ ತಿರುವು ಅದರಲ್ಲಿ ಸಿಕ್ಕುವುದಿಲ್ಲ. ಅದನ್ನು ಆಕೆಯ ನುಡಿಯಲ್ಲೇ ಹುಡುಕಬೇಕು.

ಈ ಕಾಗದಗಳು ಪರದೇಶದ ಪಾಲಾದವೆಂದು ಹಲುಬುವುದರಲ್ಲಿ ಅರ್ಥವಿಲ್ಲ. ಅವನ್ನು ಯಾರೂ ಕದ್ದೊಯ್ಯಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ಬಾಳಿದವರ ಕಾಗದ ಅಲ್ಲಿ ಉಳಿಯಿತು, ಚೆನ್ನಾಗಿ ಉಳಿಯಿತು. ಕಾಯುವುದು ಗ್ರಂಥಾಲಯದ ಕೆಲಸ. ಅದನ್ನು ಅವರು ಮಾಡಿದ್ದಾರೆ. ಓದುವುದು ನಮ್ಮ ಕೆಲಸ. ಧಾರವಾಡದ ಮನೋಹರ ಗ್ರಂಥಮಾಲೆ 2011ರಲ್ಲಿ ಅವರ ಕನ್ನಡ ಬರಹಗಳನ್ನೆಲ್ಲ 'ಸಮಗ್ರ'ವಾಗಿ ಹೊರತಂದು ತಳಪಾಯ ಹಾಕಿದೆ. ಅದರ ಮೇಲೆ ಏಳಬೇಕಾದದ್ದು ಪಾಠಾಂತರಗಳನ್ನು ಗುರುತಿಸುವ ಪರಿಷ್ಕರಣ. ಪಂಪ ರನ್ನರ ಓಲೆಗರಿಗಳಿಗೆ ನಮ್ಮ ವಿದ್ವಾಂಸರು ತೋರಿಸಿದ ಶ್ರದ್ಧೆಯನ್ನು ನವ್ಯಕವಿಯ ಕರಡಿಗೂ ತೋರಿಸುವ ಕಾಲ ಬಂದಿದೆ. ಈ ಬಡಾವಣೆಗಳಿಂದ ಷಿಕಾಗೋಕ್ಕೆ ಹೋಗಿ ಬರುವವರು ಇಂದು ಕಡಮೆಯಲ್ಲ. ಮನೆಯಲ್ಲೊಂದು, ಬೀದಿಯಲ್ಲೊಂದು ನುಡಿಯಾಡಿ ಬೆಳೆದ ವಿದ್ಯಾರ್ಥಿಯೊಬ್ಬ ಆ ವಾಚನಾಲಯದಲ್ಲಿ ಕುಳಿತು, ಹೊಡೆದುಹಾಕಿದ ಕನ್ನಡ ಸಾಲೊಂದನ್ನು ಅಚ್ಚಾದ ಸಾಲಿನ ಪಕ್ಕದಲ್ಲಿಟ್ಟು, ಕವಿ ಇದನ್ನೇಕೆ ಬಿಟ್ಟ ಎಂದು ಯೋಚಿಸತೊಡಗಿದರೆ, ಎರಡನೆಯ ಬಿಂದಿಗೆ ತುಂಬತೊಡಗಿತೆಂದು ತಿಳಿಯಬಹುದು.