ಕಡಲ ನಕ್ಷೆ: ಖರ್ಚು ಯಾರದು, ಅಂಕಿ ಯಾರದು?

ನೀವು ಮಂಗಳೂರಿನ ಅತ್ತಾವರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವರೆಂದು ಭಾವಿಸಿ. ನೇತ್ರಾವತಿಯ ದಡ ಅಲ್ಲಿಂದ ದೂರವೇನಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಅಳಿವೆಬಾಗಿಲಿನಲ್ಲಿ ಸಮುದ್ರ ಸೇರುತ್ತವೆ. ಬಂದರು ದಕ್ಕೆಯ ಮೀನುಗಾರಿಕಾ ಬೋಟುಗಳಿಗೆ ಅದೇ ದಾರಿ. "ಅಳಿವೆಯಲ್ಲಿ ನೀರು ಎಷ್ಟು ಆಳ ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದರೆ ಏನು ತೋರಿಸುತ್ತೀರಿ? ನೆಲದ ಪ್ರಶ್ನೆಯಾಗಿದ್ದರೆ ಭಾರತೀಯ ಸರ್ವೇಕ್ಷಣ ಇಲಾಖೆಯ ಮುಕ್ತ ಸರಣಿಯ ನಕ್ಷೆಗಳಿವೆ. 2017ರಿಂದ ಅವು ಅಂತರಜಾಲದಲ್ಲಿ ಉಚಿತ. ನೀರಿನ ಅಡಿಯ ನೆಲಕ್ಕೆ ಅಂಥ ಸೌಲಭ್ಯವಿಲ್ಲ. ಈ ಲೇಖನದ ಆಕ್ಷೇಪ ಇರುವುದು ಇಲ್ಲೇ.

ಮೊದಲು, ಆಳವನ್ನು ಅಳೆಯುವುದು ಹೇಗೆಂದು ನೋಡೋಣ. ಹಿಂದೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಡುತ್ತಿದ್ದರು. ಈಗ ಹಡಗಿನ ತಳದಿಂದ ಶಬ್ದದ ಮಿಡಿತವೊಂದನ್ನು ಕೆಳಕ್ಕೆ ಕಳಿಸಿ ಪ್ರತಿಧ್ವನಿಗೆ ಕಾಯುತ್ತಾರೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಪ್ರತಿಧ್ವನಿ 0.02 ಸೆಕೆಂಡಿನಲ್ಲಿ ಮರಳಿದರೆ ಶಬ್ದ ಹೋಗಿ ಬಂದ ದೂರ 30 ಮೀಟರ್, ಅಂದರೆ ಆಳ 15 ಮೀಟರ್. ಲೆಕ್ಕ ಹೈಸ್ಕೂಲಿನದೇ. ಕಷ್ಟ ಇರುವುದು ಉಳಿದದ್ದರಲ್ಲಿ. ಉಷ್ಣತೆ, ಲವಣಾಂಶ ಬದಲಾದಂತೆ ಶಬ್ದದ ವೇಗ ಬದಲಾಗುತ್ತದೆ, ಹಡಗು ಓಲಾಡುತ್ತದೆ, ಭರತ ಇಳಿತಗಳಿಂದ ನೀರಿನ ಮಟ್ಟವೇ ಏರಿಳಿಯುತ್ತದೆ. ಆದ್ದರಿಂದ ನಕ್ಷೆಯಲ್ಲಿ ಬರೆಯುವ ಆಳ ಅಳೆದ ದಿನದ ಆಳವಲ್ಲ. ನೀರು ಅತ್ಯಂತ ಇಳಿದಾಗಿನ ಮಟ್ಟಕ್ಕೆ ಸರಿಹೊಂದಿಸಿದ ಆಳ. ನಾವಿಕನಿಗೆ ಕನಿಷ್ಠ ಇಷ್ಟಾದರೂ ನೀರಿದೆ ಎಂಬ ಭರವಸೆ ಬೇಕು. ಹೊಸ ಮುಳುಗಡೆಯಾದರೆ ಅದನ್ನೂ ಸೇರಿಸಬೇಕು. 2022ರ ಜೂನ್ 21ರಂದು ಉಳ್ಳಾಲದ ಬಳಿ ಅಪಾಯಕ್ಕೆ ಸಿಲುಕಿದ 'ಪ್ರಿನ್ಸೆಸ್ ಮಿರಾಲ್' ಹಡಗಿನಿಂದ 15 ನಾವಿಕರನ್ನು ತಟರಕ್ಷಣಾ ಪಡೆ ಪಾರುಮಾಡಿತು; ಹಡಗು ಅಲ್ಲೇ ಉಳಿಯಿತು. ವಿಚಿತ್ರವೆಂದರೆ ಅದು ವಿಶ್ವ ಜಲಸರ್ವೇಕ್ಷಣ ದಿನ.

ನಮ್ಮ ದೇಶದಲ್ಲಿ ಈ ಕೆಲಸ ನೌಕಾಪಡೆಯದು. 1874ರಲ್ಲಿ ಕೊಲ್ಕತ್ತದಲ್ಲಿ ಆರಂಭವಾದ ಸಾಗರ ಸರ್ವೇಕ್ಷಣ ಇಲಾಖೆ 1954ರಲ್ಲಿ ಡೆಹರಾಡೂನಿಗೆ ಹೋಯಿತು. ಕಡಲ ನಕ್ಷೆಯ ಕಚೇರಿ ಹಿಮಾಲಯದ ಬುಡದಲ್ಲಿ! 1997ರಲ್ಲಿ ಅದಕ್ಕೆ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಎಂದು ಹೆಸರಾಯಿತು. ಅದರ ಕೆಲಸದ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಮಾರಿಷಸ್‌ನಂಥ ರಾಷ್ಟ್ರಗಳು ತಮ್ಮ ಕಡಲನ್ನು ಅಳೆಸಿಕೊಳ್ಳಲು ಇದೇ ಇಲಾಖೆಯ ಹಡಗುಗಳನ್ನು ಕರೆಯುತ್ತವೆ.

ಖರ್ಚಿನ ಮಾತಿಗೆ ಬರೋಣ. 2018ರ ಅಕ್ಟೋಬರಿನಲ್ಲಿ ನಾಲ್ಕು ದೊಡ್ಡ ಸರ್ವೇಕ್ಷಣ ಹಡಗುಗಳಿಗೆ 2,435 ಕೋಟಿ ರೂಪಾಯಿಯ ಒಪ್ಪಂದವಾಯಿತು. ಮೊದಲನೆಯದಾದ 'ಸಂಧಾಯಕ್' 2024ರ ಫೆಬ್ರವರಿಯಲ್ಲಿ ಸೇವೆಗೆ ಸೇರಿತು. ಲೆಕ್ಕಕ್ಕಾಗಿ ಒಂದು ನಕ್ಷೆಯ ಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಹಡಗುಗಳ ದುಡ್ಡು ಮರಳಬೇಕಾದರೆ 2 ಕೋಟಿ 43 ಲಕ್ಷದ 50 ಸಾವಿರ ನಕ್ಷೆ ಮಾರಬೇಕು. ಅಷ್ಟು ಹಡಗುಗಳು ಪ್ರಪಂಚದಲ್ಲೇ ಇಲ್ಲ. ಅಂದಮೇಲೆ ನಕ್ಷೆಯ ಬೆಲೆ ಸರ್ವೇಕ್ಷಣೆಯ ಬೆಲೆಯಲ್ಲ. ಖರ್ಚು ತೆರಿಗೆ ಕಟ್ಟುವವರದು. ಪ್ರಯೋಜನವೂ ಮಾರಾಟದ ಲೆಕ್ಕದಲ್ಲಿ ಕಾಣುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ನೌಕಾಪಡೆಯ ಸರ್ವೇಕ್ಷಣ ಹಡಗು 'ಸತ್ಲಜ್' ಸೋನಾರ್‌ನಿಂದ ಕಡಲ ತಳವನ್ನು ಜಾಲಾಡಿತು. ಮಹಾರಾಷ್ಟ್ರದ ಮಾಲ್ವಣದಾಚೆ, ಸುಮಾರು 60 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳ ಸುದ್ದಿ. ತಿಂಗಳುಗಟ್ಟಲೆ ಕಾದ ಆ ಮನೆಗಳಿಗೆ ಸಿಕ್ಕ ಉತ್ತರಕ್ಕೆ ಯಾವ ರಸೀದಿ ಬರೆಯುವುದು?

ಬೇರೆ ದೇಶಗಳು ಎರಡು ದಾರಿ ಹಿಡಿದಿವೆ. 1795ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಕಚೇರಿ 1996ರಿಂದ ತನ್ನ ಗಳಿಕೆಯಲ್ಲೇ ನಡೆಯುವ ಸರ್ಕಾರಿ ವ್ಯಾಪಾರ ನಿಧಿ; ಉಳಿತಾಯದ ಪಾಲು ರಕ್ಷಣಾ ಇಲಾಖೆಗೆ ಹೋಗುತ್ತದೆ. ಇದನ್ನು ಮಾದರಿಯೆಂದು ಹೊಗಳುವವರು ಒಂದು ಮಾತು ಮರೆಯುತ್ತಾರೆ: ಅಳೆಯುವ ಹಡಗುಗಳ ವೆಚ್ಚವನ್ನು ಅಲ್ಲಿ ಹೊರುವುದು ನೌಕಾಪಡೆ. ಇತರ ರಾಷ್ಟ್ರಗಳ ಅಳತೆಗಳೂ ಒಪ್ಪಂದದ ಮೇಲೆ ಅದಕ್ಕೆ ಒದಗುತ್ತವೆ. ದುಬಾರಿ ಭಾಗ ಬೇರೆಯವರ ಪುಸ್ತಕದಲ್ಲಿದ್ದರೆ ಲಾಭ ತೋರಿಸುವುದು ಕಷ್ಟವಲ್ಲ. ಅಮೆರಿಕದ ಕಚೇರಿ ವಿದ್ಯುನ್ಮಾನ ನಕ್ಷೆಗಳನ್ನೂ ಅಳತೆಯ ಮೂಲ ಅಂಕಿಗಳನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿದೆ. ತೆರಿಗೆಯಲ್ಲಿ ಒಮ್ಮೆ ಕೊಟ್ಟದ್ದಕ್ಕೆ ಮತ್ತೆ ಬೆಲೆಯೇಕೆ ಎಂಬುದು ಅಲ್ಲಿನ ತರ್ಕ. ನನಗೆ ಇದೇ ಸರಿಯೆನಿಸುತ್ತದೆ.

ಭದ್ರತೆಯ ಮಾತೇನು ಎಂದು ನೀವು ಕೇಳಬಹುದು. ಅದು ಪೊಳ್ಳು ನೆಪವಲ್ಲ. 2008ರಲ್ಲಿ ಮುಂಬಯಿಯ ದಾಳಿಕೋರರು ಬಂದದ್ದು ಸಮುದ್ರದಿಂದ. ಕಾರವಾರದಲ್ಲಿ ನೌಕಾನೆಲೆ ಇದೆ. ಅಂಥ ಜಾಗದ ಸೂಕ್ಷ್ಮ ಅಳತೆ ಗುಪ್ತವಾಗಿರಲಿ. ಆದರೆ ಪಣಂಬೂರಿನ ಬಂದರಿಗೆ ಬರುವ ಯಾವ ದೇಶದ ಹಡಗಾದರೂ ಆ ದಾರಿಯ ನಕ್ಷೆ ಹೊಂದಿರಲೇಬೇಕು. ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ವಿದೇಶದ ಕಪ್ತಾನನಿಗೆ ಮಾರುವ ಅಂಕಿಯನ್ನು ಅತ್ತಾವರದ ವಿದ್ಯಾರ್ಥಿನಿಯಿಂದ ಮರೆಮಾಡಿ ಯಾವ ಗುಟ್ಟು ಉಳಿಯುತ್ತದೆ? ಅವಳೂ ನಕ್ಷೆ ಕೊಳ್ಳಬಹುದು, ನಿಜ. ಆದರೆ ನಕ್ಷೆಯಲ್ಲಿರುವುದು ನಾವಿಕನಿಗಾಗಿ ಆಯ್ದ ಕೆಲವು ಅಂಕಿಗಳು. ಮರಳಿನ ಚಲನೆ ಕಲಿಯುವವಳಿಗೆ ಬೇಕಾದದ್ದು ಉಳಿದವು, ಅದರಲ್ಲೂ ಹಳೆಯವು. ಜಾಗತಿಕ ಯೋಜನೆಯಾದ ಜೆಬ್ಕೊ ಉಚಿತವಾಗಿ ಕೊಡುವ ಆಳದ ಜಾಲದಲ್ಲಿ ಒಂದು ಚೌಕದ ಬದಿ ಸುಮಾರು 450 ಮೀಟರ್. ಅಳಿವೆ ಅದರ ಒಂದೆರಡು ಚೌಕಗಳಲ್ಲೇ ಮುಗಿದುಹೋಗುತ್ತದೆ.

ನೀತಿಯಲ್ಲಿ ಬಾಗಿಲು ತೆರೆದಿಲ್ಲವೆಂದಲ್ಲ. 2021ರ ಫೆಬ್ರವರಿಯ ಭೂಪ್ರಾದೇಶಿಕ ಮಾರ್ಗಸೂಚಿ ದಡದಿಂದ 500 ಮೀಟರಿನೊಳಗೆ ಆಳದ ನಿಖರತೆಗೆ 10 ಮೀಟರಿನ ಮಿತಿ ಇಟ್ಟಿತು. ಅದಕ್ಕಿಂತ ನಿಖರವಾದ ಅಂಕಿಗಳನ್ನು ಭಾರತೀಯರು ಮಾತ್ರ ತಯಾರಿಸಬಹುದು, ಹೊಂದಬಹುದು. ಅಳಿವೆಯಂಥ ಜಾಗದಲ್ಲಿ 10 ಮೀಟರ್ ಹೆಚ್ಚುಕಡಿಮೆಯಾದರೆ ಬೋಟು ತೇಲುವುದೋ ಮರಳಿಗೆ ತಾಗುವುದೋ ಹೇಳಲಾಗದು. ಉಪಯುಕ್ತ ಅಳತೆಯೆಲ್ಲ ಮಿತಿಯ ಆಚೆಗೇ ಬೀಳುತ್ತದೆ, ಅದನ್ನು ಮಾಡುವ ಅವಕಾಶ ನಮ್ಮ ಕಾಲೇಜುಗಳಿಗೂ ಇದೆ. ಸಣ್ಣ ಪ್ರತಿಧ್ವನಿ ಮಾಪಕವೊಂದನ್ನು ಕೊಂಡು, ಅನುಮತಿ ಪಡೆದು, ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಅಳಿವೆಯನ್ನು ಅಳೆಯಬಹುದು. ಮಳೆಗಾಲ ತಂದು ಸುರಿದ ಮರಳಿನ ಲೆಕ್ಕ ಸಿಗುತ್ತದೆ. ಮೂವತ್ತು ವರ್ಷದಲ್ಲಿ ಏನಾಯಿತೆಂದು ತಿಳಿಯಲು ಮಾತ್ರ ಹಳೆಯ ಅಳತೆಯ ಹಾಳೆಗಳು ಬೇಕು. ಅವನ್ನು ಕೊಡಬೇಕಾದವರು ಸರ್ಕಾರದವರೇ.