ಗುಡ್ಡವೇ ಗೋಡೆಯಾದ ದುರ್ಗ

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಸುಂಕಸಾಲೆ ಎಂಬ ಪುಟ್ಟ ಊರು. ಸುತ್ತ ಕಾಫಿ ತೋಟ, ನಡುನಡುವೆ ಮೆಣಸಿನ ಬಳ್ಳಿ ಹಬ್ಬಿದ ಮರಗಳು. ಊರಿನ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಹೊಯ್ಸಳರ ಕಾಲದ್ದೆನ್ನುವ ಬಲ್ಲಾಳರಾಯನ ದುರ್ಗ.

ಹೊಯ್ಸಳರೆಂದರೆ ನಮಗೆ ಬೇಲೂರು, ಹಳೇಬೀಡಿನ ಕುಸುರಿ ನೆನಪಾಗುತ್ತದೆ. ಇಲ್ಲಿ ಅದರ ಸುಳಿವಿಲ್ಲ. ಒರಟು ಕಲ್ಲಿನ ಗೋಡೆ ಗುಡ್ಡದ ಏರಿಳಿತವನ್ನೇ ಹಿಡಿದು ಸಾಗುತ್ತದೆ. ಕಡಿದಾದ ಪ್ರಪಾತವಿರುವಲ್ಲಿ ಬೆಟ್ಟವೇ ಕಾವಲು. ಸಕಲೇಶಪುರದ ಬಳಿ ಟಿಪ್ಪು 1792ರಲ್ಲಿ ಮುಗಿಸಿದ ಮಂಜರಾಬಾದ್ ಕೋಟೆ ಇದಕ್ಕೆ ತದ್ವಿರುದ್ಧ: ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಹೆಸರಾಗಿದ್ದ ಮಾದರಿಯ ಎಂಟು ಮೂಲೆಯ ನಕ್ಷತ್ರ, ಫಿರಂಗಿ ಯುಗದ ಕಟ್ಟುನಿಟ್ಟಿನ ಲೆಕ್ಕಾಚಾರ. ದುರ್ಗ ಕಟ್ಟಿದವರು ನೆಚ್ಚಿದ್ದು ನೆಲದ ಏರುತಗ್ಗನ್ನು.

ಆ ಜಾಣತನ ತಿಳಿಯಬೇಕಾದರೆ ಪಡುವಣ ಅಂಚಿಗೆ ಹೋಗಬೇಕು. ಘಟ್ಟ ಅಲ್ಲಿ ಥಟ್ಟನೆ ಮುಗಿದು, ಕೆಳಗೆ ಬೆಳ್ತಂಗಡಿ ಸೀಮೆ ಹರಡಿಕೊಂಡಿದೆ. ಬಂಡಾಜೆ ಅರ್ಬಿ ಜಲಪಾತ ಧುಮುಕುವುದೂ ಆ ಕಡೆಗೇ. ಕರಾವಳಿಯಿಂದ ಘಟ್ಟ ಹತ್ತುವವರ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಮಳೆಗಾಲದಲ್ಲಿ ಜಿಗಣೆ, ಮಂಜು ಎರಡೂ ದಾರಿ ಕಾಯುತ್ತವೆ. ಮಳೆ ನಿಂತ ಮೇಲೆ, ಅರಣ್ಯ ಇಲಾಖೆಯ ಅನುಮತಿ ಪಡೆದೇ ಹತ್ತಿ.